ಲಕ್ವಾದ ನಂತರ ಮನೆಗೆ ಬಂದವರಿಗೆ ಯಾರ ನೆರವು ಬೇಕು?

ಪ್ರಶ್ನೆ: ನಮ್ಮ ತಂದೆಯವರು ಕೈಮಗ್ಗದ ನೇಕಾರರು. ಎರಡು ತಿಂಗಳ ಹಿಂದೆ ಲಕ್ವಾ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿವೆ. ಬಾಗಲಕೋಟೆಯ ಆಸ್ಪತ್ರೆಯಿಂದ ಮನೆಗೆ ಕರೆತಂದಿದ್ದೇವೆ, ಫಿಜಿಯೋಥೆರಪಿ ನಡೆದಿದೆ. ಆಕ್ಯುಪೇಷನಲ್ ಥೆರಪಿಯನ್ನೂ ಮಾಡಿಸಬೇಕೆಂದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿದ್ದಾರೆ. ಮನೆಯಲ್ಲೇ ಒಬ್ಬ ನರ್ಸನ್ನು ಇಟ್ಟುಕೊಂಡರೆ ಸಾಲದೇ?
– ಓದುಗರೊಬ್ಬರು, ಇಳಕಲ್

ಉತ್ತರ: ಸಾಲದು. ಹಾಗೆಂದು ನರ್ಸ್ ಅವರ ಕೆಲಸವನ್ನು ಥೆರಪಿಸ್ಟ್ ಮಾಡಲಾರರು ಎಂಬುದೂ ಅಷ್ಟೇ ನಿಜ.

ಲಕ್ವಾ ಹೊಡೆದ ರೋಗಿಗೆ ಬಾಯಿಯಿಂದ ಏನನ್ನಾದರೂ ಕೊಡುವ ಮೊದಲು ನುಂಗಲು ಆಗುತ್ತದೆಯೇ ಎಂದು ಪರೀಕ್ಷಿಸುವುದು, ಬೆನ್ನು ಮತ್ತು ಹಿಮ್ಮಡಿಯಲ್ಲಿ ಹುಣ್ಣಾಗದಂತೆ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಮೂತ್ರದ ನಳಿಕೆಯಿಂದ ಸೋಂಕು ತಗಲದಂತೆ ನೋಡಿಕೊಳ್ಳುವುದು, ರಕ್ತದೊತ್ತಡದ ಏರಿಳಿತವನ್ನು ಗಮನಿಸಿ ವೈದ್ಯರಿಗೆ ತಿಳಿಸುವುದು, ಇವೆಲ್ಲ ನರ್ಸ್ ಅವರ ಹೊಣೆ. ಮನೆಗೆ ಬಂದ ಮೇಲೂ ಈ ಹೊಣೆ ಮುಗಿಯುವುದಿಲ್ಲ. ಒಮ್ಮೆ ಲಕ್ವಾ ಹೊಡೆದವರಿಗೆ ಮತ್ತೊಮ್ಮೆ ಹೊಡೆಯುವ ಅಪಾಯ ಹೆಚ್ಚಾಗಿರುವುದರಿಂದ, ಆರಾಮವಾಗಿದ್ದಾರೆಂದು ಬಿ.ಪಿ. ಗುಳಿಗೆಯನ್ನು ತಾವಾಗಿಯೇ ನಿಲ್ಲಿಸುವ ನಮ್ಮ ಕಡೆಯ ರೂಢಿಗೆ ತಡೆ ಹಾಕುವವರು ಒಬ್ಬರು ಬೇಕೇ ಬೇಕು.

ಆಕ್ಯುಪೇಷನಲ್ ಥೆರಪಿಸ್ಟ್ ಕೇಳುವ ಪ್ರಶ್ನೆಯೇ ಬೇರೆ: ಈ ಮನುಷ್ಯ ಬೆಳಿಗ್ಗೆ ಎದ್ದಾಗಿನಿಂದ ಮಲಗುವತನಕ ಏನೇನು ಮಾಡುತ್ತಿದ್ದರು, ಅದರಲ್ಲಿ ಈಗ ಯಾವುದು ನಿಂತಿದೆ? ಕೈಕಾಲಿನ ಬಲ, ಕೀಲುಗಳ ಚಲನೆ ಮತ್ತು ನಡಿಗೆಯ ಮೇಲೆ ಫಿಜಿಯೋಥೆರಪಿಸ್ಟ್ ಹೆಚ್ಚು ಗಮನ ಕೊಟ್ಟರೆ, ಇವರು ಊಟ, ಸ್ನಾನ, ಉಡುಗೆ, ಶೌಚ, ದುಡಿಮೆ ಎಂಬ ನಿತ್ಯದ ಕೆಲಸಗಳನ್ನೇ ಚಿಕಿತ್ಸೆಯಾಗಿ ಬಳಸುತ್ತಾರೆ. ಎರಡರ ನಡುವೆ ಗೆರೆ ಕೊರೆದಂತಹ ಗಡಿಯೇನೂ ಇಲ್ಲ.

ಊಟವನ್ನೇ ತೆಗೆದುಕೊಳ್ಳಿ. ಬಲಗೈ ಏಳದಿದ್ದಾಗ ತಾಯಿಯವರು ತುತ್ತು ಮಾಡಿ ಉಣಿಸುತ್ತಾರೆ. ಎಡಗೈಯಿಂದ ಉಣ್ಣುವುದು ಹಿರಿಯರಿಗೆ ಮನಸ್ಸಿಗೆ ಒಗ್ಗುವುದಿಲ್ಲ. ಥೆರಪಿಸ್ಟ್ ತಾಟಿನ ಕೆಳಗೆ ಒದ್ದೆ ಬಟ್ಟೆ ಹಾಕಿಸಿ ಅದು ಜಾರದಂತೆ ಮಾಡುತ್ತಾರೆ, ಬಲಗೈಯನ್ನು ತಾಟಿನ ಅಂಚಿಗೆ ಒರಗಿಸಿ ಅದಕ್ಕೂ ಹಿಡಿದುಕೊಳ್ಳುವ ಕೆಲಸ ಕೊಡುತ್ತಾರೆ, ಮೆತ್ತನೆಯ ಬಿಸಿ ರೊಟ್ಟಿಯನ್ನು ಎಡಗೈಯಿಂದ ಮುರಿದು ಪಲ್ಯ ಹಚ್ಚಿಕೊಳ್ಳುವುದನ್ನು ಅಭ್ಯಾಸ ಮಾಡಿಸುತ್ತಾರೆ. ಬಲಗೈ ಬೆರಳುಗಳಲ್ಲಿ ಹಿಡಿತ ಮರಳುತ್ತಿದ್ದಂತೆ, ದಪ್ಪ ಹಿಡಿಕೆಯ ಚಮಚೆಯನ್ನು ಆ ಕೈಗೇ ಕೊಡುತ್ತಾರೆ. ಆದರೆ ನೀರು ಕುಡಿಯುವಾಗ ಕೆಮ್ಮು ಬರುತ್ತಿದ್ದರೆ ಅಥವಾ ಉಂಡ ಮೇಲೆ ದನಿ ಗೊರಗೊರ ಎನ್ನುತ್ತಿದ್ದರೆ ಈ ಅಭ್ಯಾಸವನ್ನು ನಿಲ್ಲಿಸಿ ಮೊದಲು ವೈದ್ಯರಿಗೆ ತೋರಿಸಬೇಕು. ಕಡಕ್ ರೊಟ್ಟಿಯನ್ನಂತೂ ಹತ್ತಿರ ತರಬಾರದು. ಈ ಲಕ್ಷಣವನ್ನು ಮೊದಲು ಗುರುತಿಸುವವರು ಸಾಮಾನ್ಯವಾಗಿ ನರ್ಸ್. ಇಬ್ಬರೂ ಪರಸ್ಪರ ಮಾತನಾಡಿಕೊಂಡಿರಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಅಂಗಿ ತೊಡಿಸುವಾಗ ಸ್ವಾಧೀನವಿಲ್ಲದ ತೋಳನ್ನು ಮೊದಲು ಹಾಕಬೇಕು, ಕಳಚುವಾಗ ಅದನ್ನೇ ಕೊನೆಗೆ ತೆಗೆಯಬೇಕು. ಆ ಕೈ ಹಿಡಿದು ಎಳೆದು ಎಬ್ಬಿಸಬಾರದು. ಭುಜದ ಕೀಲು ಸಡಿಲವಾಗಿರುವುದರಿಂದ ಜಾರಿ, ತಿಂಗಳುಗಟ್ಟಲೆ ನೋವು ಉಳಿಯಬಹುದು. ನೋಡಲು ಬಂದ ಬೀಗರು ಪ್ರೀತಿಯಿಂದ ಹೀಗೆ ಎಳೆಯುವುದೇ ಹೆಚ್ಚು. ಬಚ್ಚಲಲ್ಲಿ ಗೋಡೆಗೆ ಹಿಡಿಕೆ, ಸ್ನಾನಕ್ಕೆ ಗಟ್ಟಿಯಾದ ಕುರ್ಚಿ, ಶೌಚಕ್ಕೆ ಕುಕ್ಕರಗಾಲಲ್ಲಿ ಕೂರಬೇಕಿಲ್ಲದ ವ್ಯವಸ್ಥೆ, ಇವನ್ನು ಬಡಗಿಯೂ ಗೌಂಡಿಯೂ ಮಾಡಿಕೊಟ್ಟಾರು. ಯಾವ ಎತ್ತರಕ್ಕೆ, ಯಾವ ಬದಿಗೆ ಎಂಬುದನ್ನು ಥೆರಪಿಸ್ಟ್ ಹೇಳಬೇಕು.

ಮಗ್ಗದ ಬಗ್ಗೆ ನೀವು ಕೇಳಿಲ್ಲವಾದರೂ ತಂದೆಯವರ ಮನಸ್ಸಿನಲ್ಲಿ ಅದು ಇದ್ದೇ ಇರುತ್ತದೆ. ಕುಣಿಯಲ್ಲಿ ಕಾಲಿಟ್ಟು ತುಳಿಯುತ್ತ, ಒಂದು ಕೈಯಿಂದ ಲಾಳಿ ಓಡಿಸಿ ಇನ್ನೊಂದರಿಂದ ಹೊಡೆತ ಕೊಡುವ ಕೆಲಸಕ್ಕೆ ಎರಡು ಕೈ, ಎರಡು ಕಾಲು, ಕಣ್ಣು ಎಲ್ಲವೂ ಒಂದೇ ಲಯದಲ್ಲಿ ಸಾಗಬೇಕು; ಅದು ಮೊದಲಿನಂತೆಯೇ ಮರಳುತ್ತದೆ ಎಂದು ಭರವಸೆ ಕೊಡುವುದು ಸರಿಯಲ್ಲ. ಆದರೆ ಕೆಲಸವನ್ನು ಬಿಡಿಬಿಡಿಯಾಗಿಸಿ, ಕುಳಿತು ಕಂಡಿಕೆ (ಲಾಳಿಯೊಳಗಿಡುವ ನೂಲಿನ ಸುರುಳಿ) ಸುತ್ತುವುದರಿಂದ ಆರಂಭಿಸಬಹುದು. ನೂಲು ಹಿಡಿಯಲು ಬೆರಳು ಹವಣಿಸುವುದು ರಬ್ಬರ್ ಚೆಂಡು ಹಿಚುಕುವುದಕ್ಕಿಂತ ನೇಕಾರನಿಗೆ ಹೆಚ್ಚು ಅರ್ಥವುಳ್ಳ ವ್ಯಾಯಾಮ. ಮೊದಲ ಮೂರು ತಿಂಗಳಲ್ಲಿ ಚೇತರಿಕೆ ಹೆಚ್ಚು ವೇಗವಾಗಿರುತ್ತದೆ, ಆದ್ದರಿಂದ ತಡಮಾಡಬೇಡಿ.

ನಮ್ಮ ಭಾಗದಲ್ಲಿ ಈ ಥೆರಪಿಸ್ಟರು ಫಿಜಿಯೋಥೆರಪಿಸ್ಟರಷ್ಟು ಸುಲಭವಾಗಿ ಸಿಗುವುದಿಲ್ಲ. ಬಾಗಲಕೋಟೆ, ವಿಜಯಪುರ, ಬೆಳಗಾವಿಯ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ವಿಚಾರಿಸಿ. ದೂರವಾದರೆ ತಿಂಗಳಿಗೊಮ್ಮೆ ತೋರಿಸಿ, ಅವರು ಕಲಿಸಿದ್ದನ್ನು ನರ್ಸ್ ಮತ್ತು ಮನೆಯವರು ದಿನವೂ ಮಾಡಿಸಿದರೂ ಪ್ರಯೋಜನವಿದೆ.

ಪ್ರಶ್ನೆ: ಪಿಯುಸಿ ವಿಜ್ಞಾನ ಓದುತ್ತಿದ್ದೇನೆ. ನರ್ಸಿಂಗ್ ಒಳ್ಳೆಯದೋ, ಆಕ್ಯುಪೇಷನಲ್ ಥೆರಪಿಯೋ?
– ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಬೇಗ ನೌಕರಿ ಬೇಕೆಂದರೆ ನರ್ಸಿಂಗ್, ಬಿ.ಎಸ್ಸಿ. ನಾಲ್ಕು ವರ್ಷ, ಜಿ.ಎನ್.ಎಂ. ಎಂಬ ನರ್ಸಿಂಗ್ ಡಿಪ್ಲೊಮಾ ಮೂರು ವರ್ಷ, ತಾಲ್ಲೂಕು ಆಸ್ಪತ್ರೆಗಳಲ್ಲೂ ಹುದ್ದೆಗಳಿವೆ. ರಾತ್ರಿ ಪಾಳಿ ತಪ್ಪಿದ್ದಲ್ಲ. ಆಕ್ಯುಪೇಷನಲ್ ಥೆರಪಿಯ ಶಿಕ್ಷಣ ಭಾರತದಲ್ಲಿ ಹೊಸದೇನಲ್ಲ: ಕಮಲಾ ನಿಂಬ್ಕರ್ ಅವರು 1950ರಲ್ಲೇ ಮುಂಬೈಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಅದರ ಶಾಲೆ ಆರಂಭಿಸಿದರು. ಆದರೂ ಕಾಲೇಜುಗಳು ಕಡಿಮೆ, ಪದವಿಗೆ ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷಕ್ಕೂ ಹೆಚ್ಚು ಬೇಕು, ಹೆಚ್ಚಿನ ಅವಕಾಶಗಳು ದೊಡ್ಡ ನಗರಗಳಲ್ಲಿವೆ. ಸಹ-ಆರೋಗ್ಯ ವೃತ್ತಿಗಳ ಶಿಕ್ಷಣ, ನೋಂದಣಿಗಳಿಗೆ ಸಂಬಂಧಿಸಿದ 2021ರ ಕೇಂದ್ರ ಕಾಯ್ದೆಯು ಈ ವೃತ್ತಿಯನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಒಬ್ಬ ಮಗುವಿಗೆ ಗುಂಡಿ ಹಾಕಿಕೊಳ್ಳುವುದನ್ನು ಕಲಿಸಲು ವಾರಗಟ್ಟಲೆ ಕೂರುವ ತಾಳ್ಮೆ ನಿಮಗಿದ್ದರೆ ಇದನ್ನೇ ಆರಿಸಿಕೊಳ್ಳಿ.

ಪ್ರಶ್ನೆ: ಏಜೆನ್ಸಿಯವರು ಕಳಿಸಿದ ‘ಹೋಮ್ ನರ್ಸ್’ ನಿಜವಾಗಿಯೂ ನರ್ಸ್ ಹೌದೋ ಅಲ್ಲವೋ ಎಂದು ತಿಳಿಯುವುದು ಹೇಗೆ?
– ಓದುಗರೊಬ್ಬರು, ಬೆಳಗಾವಿ

ಉತ್ತರ: ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ಅಥವಾ ಬೇರೆ ರಾಜ್ಯದ ಪರಿಷತ್ತಿನ ನೋಂದಣಿ ಪ್ರಮಾಣಪತ್ರವನ್ನು ಕೇಳಿ, ಕೇಳುವುದರಲ್ಲಿ ಸಂಕೋಚ ಬೇಡ. ಅದು ಇಲ್ಲದವರು ಒಳ್ಳೆಯ ಆರೈಕೆದಾರರಾಗಿರಬಹುದು, ಮೈ ಒರೆಸಿ, ಉಣಿಸಿ, ಜೊತೆಗಿರಬಹುದು. ಇಂಜೆಕ್ಷನ್, ಮೂತ್ರದ ನಳಿಕೆ, ಮೂಗಿನ ನಳಿಕೆಯ ಕೆಲಸವನ್ನು ಮಾತ್ರ ಅವರಿಂದ ಮಾಡಿಸಬೇಡಿ.