ಭಟ್ರು ಬದಲಾದ್ರೆ ದೋಸೆ ಬದಲಾಗುತ್ತಾ?

ಹಾಸನದ ಓದುಗರೊಬ್ರು ನಾಲ್ಕು ಪುಟ ಬರೆದಿದಾರೆ. ಹೋದ ಸಂಚಿಕೆಯಲ್ಲಿ ಜರ್ಮನಿಯ ಹೆವಿ ಮೆಟಲ್ ಬ್ಯಾಂಡು ಆಕ್ಸೆಪ್ಟ್‌ಗೆ 50 ವರ್ಷ ಆಯ್ತು ಅಂತ ನಾವು ಹಾಕಿದ್ದಕ್ಕೆ ಅವರಿಗೆ ಸಿಟ್ಟು, ಹಳೇ ಹಾಡುಗಾರ ಊಡೋ ಈಗ ಅದರಲ್ಲಿ ಇಲ್ವಲ್ಲ ಅಂತ. "ಊಡೋ ಇಲ್ಲದ ಆಕ್ಸೆಪ್ಟ್ ಎಂಥ ಆಕ್ಸೆಪ್ಟ್ ಸ್ವಾಮಿ, ಹೋಟ್ಲು ಬೋರ್ಡು ಹಳೇದೇ, ಒಳಗೆ ಭಟ್ರು ಬೇರೆ, ದೋಸೆ ಮಾತ್ರ ಅದೇ ರುಚಿ ಅಂದ್ರೆ ಹೆಂಗೆ ನಂಬೋದು" ಅಂತಾರೆ, ಅವರ ಲೆಕ್ಕದಲ್ಲಿ ಇದು ಸತ್ತ ಬ್ಯಾಂಡು. ಕೊನೇಲಿ ಇನ್ನೊಂದು ಪ್ರಶ್ನೆ: ಹದಿನೈದು ವರ್ಷದ ಮಗಳಿಗೆ ಮೊದಲು ಯಾವ ಆಲ್ಬಮ್ ಕೇಳಿಸ್ಲಿ?

ಸಾರ್, ನಿಮ್ಮ ಸಿಟ್ಟು ನಂಗೆ ಅರ್ಥ ಆಗುತ್ತೆ, ಯಾಕಂದ್ರೆ ನಾನೂ ಊಡೋ ಗಂಟಲಿಗೇ ಬಿದ್ದವನು. ಗೆಳೆಯ ಎಲ್‌ಪಿಯಿಂದ ಇಳಿಸಿಕೊಟ್ಟ ಕ್ಯಾಸೆಟ್ಟು, 1982ರ ರೆಸ್ಟ್‌ಲೆಸ್ ಅಂಡ್ ವೈಲ್ಡ್. ಪ್ಲೇ ಒತ್ತಿದ್ರೆ ಯಾವ್ದೋ ಓಬೀರಾಯನ ಕಾಲದ ಜರ್ಮನ್ ಜನಪದ ಹಾಡು, ಗ್ರಾಮಫೋನ್ ಸದ್ದು, ನೆಟ್ಟಗೆ ಶುರು ಆಗೋದ್ರೊಳಗೆ ಕರ್ರ್ ಅಂತ ಮುಳ್ಳು ಗೀಚಿದ ಹಾಗೆ. ರೀಲು ಸಿಕ್ಕಾಕ್ಕೊಳ್ತು ಅಂದ್ಕೊಂಡು ಕ್ಯಾಸೆಟ್ ಈಚೆ ತೆಗೆದು ಪೆನ್ಸಿಲ್ ತೂರಿಸಿ ಸುತ್ತಿ ಮತ್ತೆ ಹಾಕಿದೆ, ಮತ್ತೆ ಕರ್ರ್. ಇನ್ನೊಂದ್ಸಲ ಅದೇ ಕತೆ. ಮೂರನೇ ಸಲಕ್ಕೆ ಹಾಳಾಗ್ಹೋಗ್ಲಿ ಅಂತ ಹಾಗೇ ಬಿಟ್ಟೆ ನೋಡಿ, ಆಗ ಬಂತು ಊಡೋ ಡಿರ್ಕ್‌ಶ್ನೈಡರ್ ಕಿರುಚು, ಅದರ ಬೆನ್ನಿಗೇ ಸ್ಟೀಫನ್ ಕಾಫ್‌ಮನ್ ಎರಡೂ ಕಾಲಲ್ಲಿ ಡ್ರಮ್ ತುಳಿಯೋದು. ಹಾಡಿನ ಹೆಸರು ಫಾಸ್ಟ್ ಆಸ್ ಎ ಶಾರ್ಕ್. ಈ ಥರ ಬಿರುಸಿನ ಮೆಟಲ್ಲಿಗೆ ಥ್ರ್ಯಾಶ್ ಅನ್ನೋ ಹೆಸರು ಜನರ ಬಾಯಿಗೆ ಬರೋಕೆ ಮುಂಚಿನ ಮಾತಿದು.

ಆದ್ರೆ ದೋಸೆ ವಿಷ್ಯ ನೀವೇ ಎತ್ತಿದ್ರಿ, ಹಂಗಾಗಿ ಕೇಳ್ತೀನಿ, ಹಿಟ್ಟು ರುಬ್ಬಿದ್ದು ಯಾರು?

ಬ್ಯಾಂಡ್ ಹುಟ್ಟಿದ್ದು ಜೋಲಿಂಗೆನ್‌ನಲ್ಲಿ, ಚಾಕು ಕತ್ತರಿ ಊರು ಅದು, ನಮ್ಮ ಹಳೇ ಕಟಿಂಗ್ ಶಾಪುಗಳವರಿಗೂ ಆ ಹೆಸರು ಗೊತ್ತಿತ್ತು. ಊಡೋ 60ರ ದಶಕದ ಕೊನೇಲೇ ಅಲ್ಲಿ ಹುಡುಗರನ್ನ ಕಟ್ಟಿಕೊಂಡು ಹಾಡ್ತಿದ್ದ, ನಾವು ಲೆಕ್ಕ ಹಿಡಿದಿದ್ದು 1976ರಿಂದ. ಮೊದಲ ಆಲ್ಬಮ್ 1979ರಲ್ಲಿ, ಅದನ್ನ ಈಗ ಯಾರೂ ಅಷ್ಟಾಗಿ ಕೇಳಲ್ಲ, ಕೇಳದಿದ್ರೂ ನಷ್ಟ ಇಲ್ಲ. 1981ರ ಬ್ರೇಕರ್‌ನಿಂದ ಅಸಲಿ ಆಟ ಶುರು. ಅಲ್ಲಿಂದಾಚೆ ಆ ಸೌಂಡಿನ ಬೆನ್ನುಮೂಳೆ ಅಂದ್ರೆ ವೋಲ್ಫ್ ಹಾಫ್‌ಮನ್ ಗಿಟಾರು, ಪೀಟರ್ ಬಾಲ್ಟೆಸ್ ಬೇಸು, ಜೊತೆಗೆ ಕೋರಸ್ ಬಂದಾಗ ಒಂದು ಲಾರಿ ತುಂಬ ಗಂಡಸರು ಕೆಳಗಿನ ಸ್ವರದಲ್ಲಿ ಒಟ್ಟಿಗೆ ಗುಡುಗೋದು. 1983ರ ಬಾಲ್ಸ್ ಟು ದ ವಾಲ್ ಪೂರ್ತಿ ನಿಂತಿರೋದೇ ಆ ಗುಡುಗಿನ ಮೇಲೆ. ಸಾಹಿತ್ಯ ಬರೆದೋರು ಅಂತ ಡೆಫಿ ಅನ್ನೋ ಹೆಸರು ಇರುತ್ತಲ್ಲ, ಅದು ಮ್ಯಾನೇಜರ್ ಗಾಬಿ ಹೌಕೆ, ಆಮೇಲೆ ವೋಲ್ಫ್‌ನ ಮದುವೆಯಾದವಳು. ತುಳಿಸಿಕೊಂಡೋರು ಒಂದಿನ ತಿರುಗಿ ಬೀಳ್ತಾರೆ ಅನ್ನೋ ಆ ಟೈಟಲ್ ಹಾಡಿನಲ್ಲಿ ಒಬ್ಬ ಹೆಣ್ಣುಮಗಳ ಪೆನ್ನು ಇದೆ ಅಂದ್ರೆ ಈಗಲೂ ಎಷ್ಟೋ ಜನ ನಂಬಲ್ಲ.

1985ರ ಮೆಟಲ್ ಹಾರ್ಟ್ ತಗೊಳ್ಳಿ. ಆ ಟೈಟಲ್ ಹಾಡು ಶುರುವಾಗೋದು ರಷ್ಯಾದ ಚೈಕೋವ್‌ಸ್ಕಿಯ ಟ್ಯೂನಿಂದ, ನಡುವೆ ಗಿಟಾರ್ ಸೋಲೋದಲ್ಲಿ ಬೀಥೋವನ್‌ನ ಫ್ಯೂರ್ ಎಲೀಸ್. ಅದೇ ಸಾರ್, ಕಾರು ರಿವರ್ಸ್ ತಗೊಳ್ವಾಗ ಟಿಣಿಟಿಣಿ ಅಂತಿತ್ತಲ್ಲ ಆ ಟ್ಯೂನು. ನಾನು ಈ ಹಾಡು ಜೋರಾಗಿ ಹಾಕಿದಾಗ ನಮ್ಮಮ್ಮ ಅಡಿಗೆಮನೆಯಿಂದ ಈಚೆ ಬಂದು ಯಾರ ಕಾರೋ ಹಿಂದೆ ಬರ್ತಿದೆ ನೋಡು ಅಂದಿದ್ರು. ಆದ್ರೆ ವೋಲ್ಫ್ ಕೈಯಲ್ಲಿ ಅದು ತಮಾಷೆ ಅನ್ಸಲ್ಲ, ಆ ಮೆತ್ತಗಿನ ಟ್ಯೂನು ಸ್ವಲ್ಪ ಸ್ವಲ್ಪವಾಗಿ ಉರಿ ಹತ್ತಿಕೊಂಡು ಹೋಗುತ್ತೆ. ಅಷ್ಟು ಹೊತ್ತು ಊಡೋ ಬಾಯಿ ಮುಚ್ಚಿಕೊಂಡಿರ್ತಾನೆ, ಆದ್ರೂ ಇದು ಆಕ್ಸೆಪ್ಟ್ ಅಂತ ಗೊತ್ತಾಗ್ದೇ ಇರಲ್ಲ.

ನಿಮ್ಮ ವಾದ ಗೆಲ್ಲೋ ಜಾಗ ಒಂದಿದೆ, 1989. ಊಡೋ 1987ರಲ್ಲಿ ಹೊರಗೆ ಬಂದ, ಇವ್ರು ಅಮೆರಿಕದ ಮಾರ್ಕೆಟ್ ಮೇಲೆ ಕಣ್ಣಿಟ್ಟು ಡೇವಿಡ್ ರೀಸ್‌ನ ಕರ್ಕೊಂಡು ಬಂದು ಈಟ್ ದ ಹೀಟ್ ಮಾಡಿದ್ರು, ಬ್ಯಾಂಡು ಮುಚ್ಚಿಹೋಯ್ತು. ರೀಸ್ ಕೆಟ್ಟ ಹಾಡುಗಾರ ಅಲ್ಲ ಪಾಪ, ಹಿಟ್ಟಿಗೇ ಸಕ್ಕರೆ ಹಾಕಿದ್ರೆ ಭಟ್ರೇನು ಮಾಡ್ತಾರೆ. ಈ ಕಡೆ ಊಡೋ ತನ್ನ ಹೆಸರಲ್ಲೇ ಬ್ಯಾಂಡ್ ಕಟ್ಟಿ ಮೊದಲ ಆಲ್ಬಮ್ ಅನಿಮಲ್ ಹೌಸ್ ತಂದ, ಅದರ ಹಾಡುಗಳನ್ನ ಬರೆದುಕೊಟ್ಟಿದ್ದು ಯಾರು ಗೊತ್ತಾ, ಆಕ್ಸೆಪ್ಟ್‌ನವರೇ! ಮನೆ ಬಿಟ್ಟು ಹೋಗೋನ ಕೈಗೆ ಬುತ್ತಿ ಕಟ್ಟಿಕೊಟ್ಟ ಹಾಗೆ. ಡ್ರಮ್ಮರ್ ಕಾಫ್‌ಮನ್ ಬೆನ್ನುನೋವಿಂದ ಡ್ರಮ್ ಬಿಟ್ಟು, ಆಮೇಲೆ ಊಡೋ ಬ್ಯಾಂಡಲ್ಲೇ ಎಷ್ಟೋ ವರ್ಷ ಗಿಟಾರ್ ಹಿಡ್ಕೊಂಡು ನಿಂತ. ಆಕ್ಸೆಪ್ಟ್ ಬಿಟ್ಟ ಪೀಟರ್ ಬಾಲ್ಟೆಸ್ಸೂ ಈಗ ಊಡೋ ಪಕ್ಕದಲ್ಲೇ ಇದಾನೆ. ಹಂಗಾಗಿ ಯಾವ ಹೋಟ್ಲು ಅಸಲಿ ಅಂತ ಕೇಳಿದ್ರೆ, ಅರ್ಧ ಅಡಿಗೆಮನೆ ಆ ಕಡೆ ಹೋಗಿದೆ ಅನ್ನೋದು ನಾನೂ ಒಪ್ತೀನಿ.

90ರ ದಶಕದಲ್ಲಿ ಊಡೋ ವಾಪಸ್ ಬಂದು ಮೂರು ಆಲ್ಬಮ್ ಆಯ್ತು, ಮತ್ತೆ ಮುಚ್ತು. ವೋಲ್ಫ್ ಕ್ಯಾಮೆರಾ ಹಿಡಿದು ಫೋಟೋಗ್ರಫಿನೇ ಉದ್ಯೋಗ ಮಾಡ್ಕೊಂಡ. 2005ರಲ್ಲಿ ಒಂದಷ್ಟು ಶೋ, ಅಷ್ಟೇ. 2009ರಲ್ಲಿ ನ್ಯೂಜೆರ್ಸಿಯ ಟಿಟಿ ಕ್ವಿಕ್ ಬ್ಯಾಂಡಿನ ಮಾರ್ಕ್ ಟಾರ್ನಿಲ್ಲೊ ಹಾಡೋಕೆ ಬಂದಾಗ ನಿಮ್ಮ ಹಾಗೇ ನಾನೂ ಮೂಗು ಮುರಿದೆ. 2010ರಲ್ಲಿ ಬ್ಲಡ್ ಆಫ್ ದ ನೇಶನ್ಸ್ ಬಂತು, ಆಂಡಿ ಸ್ನೀಪ್ ಪ್ರೊಡಕ್ಷನ್ನು, ಮೊದಲ ರಿಫ್ಫಿಗೇ ನನ್ನ ಮೂಗು ನೆಟ್ಟಗಾಯ್ತು. 2014ರಲ್ಲಿ ಬ್ಲೈಂಡ್ ರೇಜ್ ಜರ್ಮನಿಯ ಚಾರ್ಟಲ್ಲಿ ನಂಬರ್ 1. ಊಡೋ ಕಾಲದಲ್ಲಿ ಒಂದ್ಸಲವೂ ಸಿಗದಿದ್ದ ಜಾಗ ಅದು. ನಂಬರ್ 1 ಬಂದ್ರೆ ಒಳ್ಳೇದು ಅಂತ ಅಲ್ಲ, ನನ್ನ ಕೇಳಿದ್ರೆ ರೆಸ್ಟ್‌ಲೆಸ್ಸೇ ಮೇಲು. ಆದ್ರೆ ಸತ್ತ ಬ್ಯಾಂಡು ಅಂತೀರಲ್ಲ, ಸತ್ತೋರು ಹಿಂಗೆ ಓಡಾಡಲ್ಲ ಸಾರ್. 2024ರಲ್ಲೂ ಹ್ಯೂಮನಾಯ್ಡ್ ಅಂತ ಹೊಸ ಆಲ್ಬಮ್ ತಂದ್ರು. ಹಳಬರಲ್ಲಿ ಉಳಿದಿರೋದು ವೋಲ್ಫ್ ಒಬ್ಬನೇ, ಅವನೂ ಹೋದ ದಿನ ನಿಮ್ಮ ಪತ್ರಾನೇ ಅಗ್ರಲೇಖನ ಮಾಡಿ ಹಾಕ್ತೀನಿ, ಮಾತು ಕೊಟ್ಟಿದೀನಿ.

ಒಂದು ತಪ್ಪೊಪ್ಪಿಗೆ. ರೆಸ್ಟ್‌ಲೆಸ್‌ನಲ್ಲಿ ಎರಡನೇ ಗಿಟಾರು ಹರ್ಮನ್ ಫ್ರಾಂಕ್ ಅಂತ ಹೋದ ಸಂಚಿಕೆಯಲ್ಲಿ ಅಚ್ಚಾಗಿತ್ತು. ಕವರ್ ಮೇಲೆ ಅವನ ಹೆಸರಿರೋದು ನಿಜ, ರೆಕಾರ್ಡಿಂಗಲ್ಲಿ ಅವನು ನುಡಿಸಿಲ್ಲ. ನಾಲ್ಕು ಪುಟ ಬೈದ ನೀವೂ ಇದನ್ನ ಹಿಡಿದಿಲ್ಲ ಅನ್ನೋದು ನಂಗೊಂದು ಸಣ್ಣ ಸಮಾಧಾನ.

ಇನ್ನು ಮಗಳಿಗೆ. ರೆಸ್ಟ್‌ಲೆಸ್ಸೇ ಕೇಳಿಸಿ, ಮೊದಲ ಹಾಡಿಂದ್ಲೇ. ಇಯರ್‌ಫೋನ್ ಕಿತ್ತು "ಅಪ್ಪಾ, ಇದೇನೋ ಕೆಟ್ಟಿದೆ" ಅಂದ್ರೆ ಏನೂ ಹೇಳ್ಬೇಡಿ, ಸುಮ್ನೆ ಕೂತಿರಿ.