ಹೊಡೆದಾಟ ಸಾಕಾಗಿದ್ದರೆ ಮುಶಿಶಿ ನೋಡಿ
ಫುಲ್‌ಮೆಟಲ್ ಆಲ್ಕೆಮಿಸ್ಟ್: ಬ್ರದರ್‌ಹುಡ್‌ನ 64 ಕಂತೂ ಮುಗಿಸಿದೆ, ಇನ್ನು ಹೊಡೆದಾಟ ಬೇಡ, ಸಮಾಧಾನವಾಗಿ ನೋಡುವಂಥ ಅನಿಮೆ (ಜಪಾನಿನ ಆ್ಯನಿಮೇಷನ್ ಸರಣಿ) ಹೇಳಿ ಅಂತ ಕೇಳಿದ್ದೀರಿ ಅಲ್ವಾ? ಯೋಚನೆ ಮಾಡದೆ ಮುಶಿಶಿ ಶುರು ಮಾಡಿ. 2005ರದ್ದು, 26 ಕಂತು. ಗಿಂಕೊ ಅನ್ನುವವನು ಬೆನ್ನಿಗೆ ಮರದ ಪೆಟ್ಟಿಗೆ ಹೊತ್ತು ಊರೂರು ಅಲೆಯುತ್ತಾನೆ. ಕಂತಿಗೊಂದು ಕತೆ, ಹಾಗಾಗಿ ದಿನಕ್ಕೊಂದು ನೋಡಿದರೆ ಸಾಕು. ಮೊದಲ ಕಂತಿನಲ್ಲೇ ಒಬ್ಬ ಹುಡುಗ ಬರುತ್ತಾನೆ. ಅವನು ಎಡಗೈಯಲ್ಲಿ ಬರೆದದ್ದಕ್ಕೆ ಜೀವ ಬಂದುಬಿಡುತ್ತದೆ! ಅಲ್ಲಿನ ಕಾಡಿನ ಹಸಿರು, ಆ ಮೌನ ಇವತ್ತಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ. ಸೋಲಿಸಲೇಬೇಕಾದ ವಿಲನ್ ಅಂತ ಯಾರೂ ಇಲ್ಲ, ಅದೇ ನನಗೆ ಜಾಸ್ತಿ ಇಷ್ಟ.

ನೀವೂ ನನಗೊಂದು ಹೇಳಬೇಕು. ಆಟದ ಅನಿಮೆಗಳಲ್ಲಿ ವಾಲಿಬಾಲ್ ಕತೆಯ ಹೈಕ್ಯೂ ಬಿಟ್ಟು ಬೇರೇನೂ ನೋಡಿಲ್ಲ. ಮುಂದೆ ಯಾವುದು ನೋಡಲಿ?