ಸಂಪಾದಕರ ಉತ್ತರ: ಕೊಡದೊಳಗಿನ ಸದ್ದು

ಕಳೆದ ಸಂಚಿಕೆಯಲ್ಲಿ ಡಾರ್ಕ್ ಕ್ವಾರ್ಟರರ್ ಎಂಬ ಇಟಲಿಯ ಹೆವಿ ಮೆಟಲ್ ಬ್ಯಾಂಡಿನ ಮೊದಲ ಆಲ್ಬಂ ಬಗ್ಗೆ ಬರೆದಿದ್ದೆವು. ಅದನ್ನು 'ಎಪಿಕ್' ಮೆಟಲ್, ಅಂದರೆ ಪುರಾಣ, ಯುದ್ಧಗಳ ಕಥೆ ಹೇಳುವ ಉದ್ದನೆಯ ಹಾಡುಗಳ ಮೆಟಲ್ ಎಂದಿದ್ದೆವು. ಬ್ಯಾಂಡಿನದೇ ಹೆಸರಿನ, 1987ರ ಆಲ್ಬಂ ಅದು. ಸಂಡೂರಿನ ಓದುಗರೊಬ್ಬರಿಗೆ ಹಿಡಿಸಿಲ್ಲ. "ನಿಮ್ಮ ಮಾತು ನಂಬಿ ಬಸ್ಸಿನಲ್ಲಿ ಫೋನಿನ ಸ್ಪೀಕರ್ ಹಾಕಿಕೊಂಡು ಪೂರ್ತಿ ಕೇಳಿದೆ. ಕೊಡದೊಳಗೆ ತಲೆ ಹಾಕಿ ನುಡಿಸಿದ ಹಾಗಿದೆ. ಇಂಗ್ಲಿಷೋ, ದೇವರಿಗೇ ಪ್ರೀತಿ. 'ಎಪಿಕ್' ಅಂತೀರಿ, ಅದರಲ್ಲಿ ಎಪಿಕ್ ಏನಿದೆ? ಅಷ್ಟು ಚೆನ್ನಾಗಿದ್ದರೆ ಯಾರಿಗೂ ಯಾಕೆ ಗೊತ್ತಿಲ್ಲ? ಸೋತದ್ದಕ್ಕೆಲ್ಲ 'ಕಲ್ಟ್' ಅಂತ ಹೆಸರಿಡೋದು ಪತ್ರಿಕೆಯವರ ಚಾಳಿ" ಎಂದು ಬರೆದಿದ್ದಾರೆ.

ನಮಸ್ಕಾರ. ನಿಮ್ಮ ಪತ್ರ ಓದಿ ಮೊದಲು ನಗು ಬಂತು, ಆಮೇಲೆ ಸ್ವಲ್ಪ ಸಿಟ್ಟೂ ಬಂತು. ಸಿಟ್ಟು ಇಳಿಯಲಿ ಅಂತ ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ.

ಕೊಡದ ಮಾತು ನಿಜ, ಒಪ್ಪಿದೆ. ಗಿಟಾರ್ ತೆಳ್ಳಗಿದೆ. ಡ್ರಮ್ಸ್ ಅಲ್ಲಲ್ಲಿ ಡಬ್ಬ ಬಡಿದ ಹಾಗೆ ಕೇಳುತ್ತದೆ. ಆದರೆ ಈ ತಕರಾರನ್ನು ಪರೀಕ್ಷೆ ಮಾಡಿ ನೋಡುವ ದಾರಿ ಒಂದಿದೆ. 25 ವರ್ಷ ತುಂಬಿತೆಂದು 2012ರಲ್ಲಿ ಬ್ಯಾಂಡಿನವರೇ ಆ ಹಾಡುಗಳನ್ನು ಮತ್ತೆ ರೆಕಾರ್ಡ್ ಮಾಡಿದರು. ಅದೇ ಗಾಯಕ ಜಾನ್ನಿ ನೇಪಿ, ಅದೇ ಡ್ರಮ್ಮರ್ ಪಾವೊಲೊ ನಿಂಚಿ. ಸದ್ದು ತೊಳೆದಿಟ್ಟ ಹಾಗಿದೆ. ರೆಕಾರ್ಡಿಂಗ್ ಕೆಟ್ಟದ್ದೊಂದೇ ದೋಷವಾಗಿದ್ದರೆ ಹೊಸದು ಹಳೆಯದನ್ನು ಸುಲಭವಾಗಿ ಸೋಲಿಸಬೇಕಿತ್ತು, ಅಲ್ವಾ?

ಮೊನ್ನೆ ಪುಟಗಳೆಲ್ಲ ಪ್ರೆಸ್ಸಿಗೆ ಹೋದ ಮೇಲೆ ಆಫೀಸಿನಲ್ಲೇ ಕೂತು ಎರಡನ್ನೂ ಒಂದರ ಹಿಂದೊಂದು ಕೇಳಿದೆ. ಫ್ಲಾಸ್ಕಿನಲ್ಲಿದ್ದ ಕಾಫಿ ಖಾಲಿಯಾಯಿತು. ಹಳೆಯದೇ ಗೆದ್ದಿತು. ಯಾಕೆ ಅಂತ ಹೇಳುತ್ತೇನೆ.

1987ರಲ್ಲಿ ಇದ್ದವರು ಮೂವರೇ. ನೇಪಿ ಹಾಡುವುದೂ ಅವರೇ, ಬಾಸ್ (ದಪ್ಪ ದನಿಯ ಗಿಟಾರ್) ನುಡಿಸುವುದೂ ಅವರೇ. ಗಿಟಾರ್ ಫುಲ್ಬೆರ್ತೊ ಸೆರೇನಾ ಅವರದ್ದು. ಸೆರೇನಾ ಸೋಲೊ ಶುರು ಮಾಡಿದರೆ ಕೆಳಗೆ ತುಂಬಿಕೊಡಲು ಇನ್ನೊಬ್ಬ ಗಿಟಾರಿಸ್ಟ್ ಇಲ್ಲ. ಮೂರು ಕಾಲಿನ ಸ್ಟೂಲಿನ ಒಂದು ಕಾಲು ಎತ್ತಿದ ಹಾಗೆ. ಬೀಳುತ್ತದೆ ಅನ್ನುವಷ್ಟರಲ್ಲಿ ಬಾಸ್ ಮೇಲೆ ಬರುತ್ತದೆ. ಸುಮ್ನೆ ತಾಳ ಹಿಡಿದು ನಿಲ್ಲುವ ಬಾಸ್ ಅಲ್ಲ ಅದು, ತಾನೂ ಒಂದು ಹಾಡು ಹೇಳುತ್ತದೆ. ನಿಂಚಿ ಅದರ ಹಿಂದೆಯೇ ಓಡುತ್ತಾರೆ. ಮೂವರೂ ಒಂದು ಕ್ಷಣ ಅಂಚಿನಲ್ಲಿ ನಿಂತ ಹಾಗಿರುತ್ತದೆ. ನನಗೆ ಈ ಆಲ್ಬಂ ಅಂದರೆ ಆ ಕ್ಷಣವೇ. 2012ರ ಹೊತ್ತಿಗೆ ಬ್ಯಾಂಡಿಗೆ ಕೀಬೋರ್ಡ್ ಬಂದಿತ್ತು. ಆ ಖಾಲಿ ಜಾಗದಲ್ಲಿ ಅದು ಬಂದು ಕೂತಿದೆ. ಚೆನ್ನಾಗಿಯೇ ಕೂತಿದೆ. ಆದರೆ ಈಗ ಬೀಳುವ ಭಯ ಇಲ್ಲ.

ಇಂಗ್ಲಿಷಿನ ವಿಚಾರಕ್ಕೆ ಬರುತ್ತೇನೆ. ನೀವು ತಪ್ಪು ಅಂದದ್ದನ್ನು ನಾನು ಇಟಲಿಯ ವಾಸನೆ ಅನ್ನುತ್ತೇನೆ. 'ಕ್ವಾರ್ಟರರ್' ಎಂಬ ಪದ ಇಂಗ್ಲಿಷಿನವರ ಬಾಯಲ್ಲಿ ಅಷ್ಟಾಗಿ ಬರುವುದಿಲ್ಲ. ಇಟಾಲಿಯನ್ನಿನಲ್ಲಿ 'ಸ್ಕ್ವಾರ್ತಾತೋರೆ' ಎಂದರೆ ದೇಹವನ್ನು ಕಡಿದು ತುಂಡು ಮಾಡುವವನು. ಲಂಡನ್ನಿನ ಜ್ಯಾಕ್ ದಿ ರಿಪ್ಪರ್‌ನನ್ನೂ ಅಲ್ಲಿ ಕರೆಯುವುದು ಇದೇ ಹೆಸರಿನಿಂದ. ಎರಡನೇ ಹಾಡು 'ಕೊಲೊಸಸ್ ಆಫ್ ಆರ್ಜಿಲ್'. ಜೇಡಿಮಣ್ಣಿಗೆ ಇಂಗ್ಲಿಷಿನಲ್ಲಿ 'ಕ್ಲೇ' ಎಂಬ ಸುಲಭದ ಪದ ಇರುವಾಗ 'ಆರ್ಜಿಲ್' ಯಾಕೆ? ಇಟಾಲಿಯನ್ನಿನಲ್ಲಿ ಅದು 'ಆರ್ಜಿಲ್ಲಾ'. ಮಣ್ಣಿನ ಕಾಲಿನ ದೈತ್ಯ ಅನ್ನುವ ನುಡಿಗಟ್ಟು ಅವರಲ್ಲಿ ಬಳಕೆಯಲ್ಲಿದೆ. ಮುಂದಿನ ಆಲ್ಬಮ್ಮಿನಲ್ಲಿ 'ರಿಟ್ರಿಬ್ಯೂಷನರ್' ಅಂತ ಒಂದು ಹಾಡಿದೆ. ಆ ಪದವನ್ನು ನಾನು ಬೇರೆಲ್ಲೂ ಕಂಡಿಲ್ಲ. ಇಂಗ್ಲಿಷಿನವರು ಬಳಸದ 'ಪ್ರಿಪೋನ್' ಕಟ್ಟಿಕೊಂಡು ಆರಾಮಾಗಿರುವ ನಾವು ಇವರನ್ನು ನೋಡಿ ನಗಬಾರದು.

ಇಲ್ಲಿ ನಮ್ಮದೇ ಒಂದು ತಪ್ಪು ತಿದ್ದಬೇಕು. ಲೇಖನದಲ್ಲಿ ಬ್ಯಾಂಡಿನ ಊರು ಮಿಲಾನ್ ಅಂತ ಅಚ್ಚಾಗಿತ್ತು. ಅಲ್ಲ, ಪಿಯೋಂಬಿನೊ. ಟಸ್ಕನಿಯ ಕರಾವಳಿಯ ಉಕ್ಕಿನ ಊರು. ಎದುರಿಗೆ ಸಮುದ್ರದಲ್ಲಿ ಎಲ್ಬಾ ದ್ವೀಪ. ಹತ್ತಿರದಲ್ಲೇ ಪೊಪುಲೋನಿಯಾ ಇದೆ, ರೋಮನ್ನರಿಗೂ ಮೊದಲು ಅಲ್ಲಿ ಆಳಿದ ಎಟ್ರುಸ್ಕನ್ನರ ಹಳೆಯ ಪಟ್ಟಣ. ಎಲ್ಬಾದ ಅದಿರನ್ನು ದೋಣಿಯಲ್ಲಿ ತಂದು ಅಲ್ಲಿ ಕಬ್ಬಿಣ ಕರಗಿಸುತ್ತಿದ್ದರು. ಎಷ್ಟು ಕರಗಿಸಿದರೆಂದರೆ, ಅವರ ಸಮಾಧಿಗಳೇ ಕಬ್ಬಿಣದ ಕಿಟ್ಟದ ರಾಶಿಯಡಿ ಮುಚ್ಚಿಹೋದವು. 20ನೇ ಶತಮಾನದಲ್ಲಿ ಆ ಕಿಟ್ಟದಲ್ಲಿ ಇನ್ನೂ ಕಬ್ಬಿಣ ಉಳಿದಿದೆ ಎಂದು ಅಗೆದು ಸಾಗಿಸಿದಾಗ ಸಮಾಧಿಗಳು ಮತ್ತೆ ಹೊರಗೆ ಬಂದವು. ಇಂಥ ನೆಲದ ಬ್ಯಾಂಡು 1988ರ ತನ್ನ ಎರಡನೇ ಆಲ್ಬಮ್ಮಿಗೆ 'ದಿ ಎಟ್ರುಸ್ಕನ್ ಪ್ರಾಫೆಸಿ' ಎಂದು ಹೆಸರಿಟ್ಟಿತು. ಎಪಿಕ್ ಏನಿದೆ ಅಂದಿರಲ್ಲ, ಇದು ಇದೆ. ಕತ್ತಿ, ಡ್ರ್ಯಾಗನ್ ಎಲ್ಲ ಅಂಗಡಿಯಿಂದ ತಂದದ್ದಲ್ಲ.

ಅಂದ ಹಾಗೆ, ಪಿಯೋಂಬಿನೊದ ಬ್ಲಾಸ್ಟ್ ಫರ್ನೇಸ್ 2014ರಲ್ಲಿ ಆರಿತು. 2018ರಲ್ಲಿ ಆ ಉಕ್ಕಿನ ಕಾರ್ಖಾನೆ ಕೊಂಡವರು ಯಾರು ಗೊತ್ತಾ? ಜೆಎಸ್‌ಡಬ್ಲ್ಯು. ನಿಮ್ಮದೇ ತಾಲೂಕಿನ ತೋರಣಗಲ್ಲಿನಲ್ಲಿ ಹೊಗೆಯಾಡುತ್ತಿರುವ ಕಾರ್ಖಾನೆಯವರೇ.

ಯಾರಿಗೂ ಯಾಕೆ ಗೊತ್ತಿಲ್ಲ ಅಂತ ಕೇಳಿದ್ದೀರಿ. ತಡವಾಗಿ ಬಂದರು, ಅಷ್ಟೇ. ಬ್ಯಾಂಡಿನ ಬೇರು 1974ರದ್ದು. ಆಗ ಅದರ ಹೆಸರು ಒಮೆಗಾ ಆರ್, ಬೇರೆಯವರ ಹಾಡು ನುಡಿಸುತ್ತಿದ್ದರು. ಮೊದಲ ಆಲ್ಬಂ ಬರಲು 13 ವರ್ಷ ಹಿಡಿಯಿತು. ಅಷ್ಟರಲ್ಲಿ ಮೆಟಲ್ ಕೇಳುವವರಿಗೆ ವೇಗದ ಹುಚ್ಚು ಹತ್ತಿತ್ತು. ಥ್ರ್ಯಾಶ್ ಎಂಬ ಬಿರುಸಿನ ಮೆಟಲ್ ನುಡಿಸುವ ಅಮೆರಿಕದ ಬ್ಯಾಂಡುಗಳು ಆಗ ಜೋರಾಗಿದ್ದವು, ಜರ್ಮನಿಯಿಂದ ಹೆಲೊವೀನ್ ಎಂಬ ಬ್ಯಾಂಡು ಬಂದಿತ್ತು. ಎಪ್ಪತ್ತರ ದಶಕದ ಗತ್ತಿನಲ್ಲಿ ಮೆಲ್ಲಗೆ ತಿರುಗಿ ತಿರುಗಿ ಬರುವ ಉದ್ದುದ್ದ ಹಾಡು ಯಾರಿಗೆ ಬೇಕಿತ್ತು? ಹತ್ತು ವರ್ಷದ ನಂತರ ಇಟಲಿಯದೇ ತ್ರಿಯೆಸ್ತೆ ಊರಿನ ರ‍್ಯಾಪ್ಸೊಡಿ ಬ್ಯಾಂಡು ಕೀಬೋರ್ಡ್, ಕೋರಸ್ಸುಗಳ ಜೊತೆ ಬಂದಾಗ ಇಟಲಿಯ ಎಪಿಕ್ ಮೆಟಲ್ ಎಂದರೆ ಅದೇ ಅಂತಾಯಿತು.

ಸೋತವರು ಅನ್ನುವುದನ್ನು ಮಾತ್ರ ಒಪ್ಪಲಾರೆ. ಸೆರೇನಾ ಬಿಟ್ಟುಹೋದರು, ನಂತರ ಎಟ್ರುಸ್‌ಗ್ರೇವ್ ಎಂಬ ತಮ್ಮದೇ ಬ್ಯಾಂಡ್ ಕಟ್ಟಿದರು. ನೇಪಿ ಮತ್ತು ನಿಂಚಿ ಮುಂದುವರಿದರು. 2015ರಲ್ಲಿ 'ಇಥಾಕಾ', 2020ರಲ್ಲಿ 'ಪೊಂಪೇಯಿ' ಬಂತು. ಜಾಸ್ತಿ ಮಾರಾಟ ಆಗಿರಲಿಕ್ಕಿಲ್ಲ. ಬಿಡಿ.

ಕೊನೆಗೆ ನನ್ನದೊಂದು ತಕರಾರು. ಬಸ್ಸಿನಲ್ಲಿ ಫೋನಿನ ಸ್ಪೀಕರ್ ಹಾಕಿ ಕೇಳಿದೆ ಅಂದಿರಲ್ಲ, ಅದರಲ್ಲಿ ಬಾಸ್ ಕೇಳುವುದೇ ಇಲ್ಲ ಸ್ವಾಮಿ. ಮೂವರಲ್ಲಿ ಒಬ್ಬರನ್ನು ನೀವು ಕೇಳಿಯೇ ಇಲ್ಲ. ಹೆಡ್‌ಫೋನ್ ಹಾಕಿಕೊಂಡು ಎರಡನೇ ಹಾಡಿನಿಂದ ಶುರು ಮಾಡಿ. ಆಮೇಲೂ ಬೈಯಬೇಕು ಅನ್ನಿಸಿದರೆ ಬರೆಯಿರಿ. ಆ ಪತ್ರವನ್ನೂ ಹಾಕುತ್ತೇನೆ.

ಸಂಪಾದಕ